ನಾಲ್ಕನೆಯ ಸೀಟು

ಶಹಾಪುರದಿಂದ ಗೋಗಿಗೆ ಹೋಗುವ ಟಂಟಂ ಗಾಡಿಯ ಹಿಂದಿನ ಸೀಟಿನಲ್ಲಿ ನಾಲ್ಕು ಮಂದಿ ಕೂರಬೇಕು. ಇದು ಸರ್ಕಾರದ ಕಾನೂನಲ್ಲ, ಅದಕ್ಕಿಂತ ಗಟ್ಟಿಯಾದದ್ದು. ನಾಲ್ಕನೆಯವರು ಬರುವ ತನಕ ಗಾಡಿ ಕದಲುವುದಿಲ್ಲ. ಒಬ್ಬರು ಬೆನ್ನು ಒರಗಿಸಿ, ಪಕ್ಕದವರು ತುಸು ಮುಂದೆ ಸರಿದು, ಮತ್ತೊಬ್ಬರು ಒರಗಿ, ಹೀಗೆ ಹೇಗೋ ಹೊಂದಿಸಿಕೊಂಡು ಕೂರುತ್ತಾರೆ. ಗೋಗಿಯಲ್ಲಿ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಸಿಕ್ಕಾಗಿನಿಂದ ನಾನು ದಿನಾ ಹೋಗಿಬರುವುದು ಇದೇ ಸೀಟಿನಲ್ಲಿ. ನನ್ನ ತೂಕದ ಸಂಗತಿ ಯಾವ ತಕ್ಕಡಿಗಿಂತಲೂ ಇದಕ್ಕೇ ಚೆನ್ನಾಗಿ ಗೊತ್ತು.

ಒಮ್ಮೆ ನಾನು ಸಣ್ಣಗಾಗಿದ್ದೆ. ಹಟ ಹಿಡಿದು ಅನ್ನ ಕಡಿಮೆ ಮಾಡಿ, ಬೆಟ್ಟದ ಬುಡದ ದಾರಿಯಲ್ಲಿ ನಸುಕಿನಲ್ಲೇ ಎದ್ದು ನಡೆದು, ಜಂಪರಿಗೆಲ್ಲ ಒಳಹೊಲಿಗೆ ಹಾಕಿಸಿಕೊಂಡಿದ್ದೆ. ಆಗ ಸುರಪುರದಲ್ಲಿ ನೆಂಟರ ಮನೆಯ ಮದುವೆ ಬಂತು. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಈಗ ಎಲ್ಲರೂ ನನ್ನನ್ನೇ ನೋಡುತ್ತಾರೆ ಅಂದುಕೊಂಡು ಒಳಗೆ ಹೋದೆ. ನೋಡಿದರು, ಸುಳ್ಳಲ್ಲ. ಹೋಳಿಗೆ ಲಟ್ಟಿಸುತ್ತಿದ್ದ ಹೆಂಗಸರ ಕೈಗಳೇ ನಿಂತವು.

"ಯಾಕವ್ವ, ಏನಾತು ನಿನಗ? ಮಾರಿ ಎಲ್ಲಾ ಒಣಗ್ಯದ."

"ಸಕ್ಕರಿ ಬ್ಯಾನಿ ಬಂದದೇನು?"

ಒಬ್ಬ ಹಿರಿಯಳು ನನ್ನನ್ನು ಮೂಲೆಗೆ ಎಳೆದು, ಮೆತ್ತಗೆ ಅಂದುಕೊಂಡು ಊರಿಗೆಲ್ಲ ಕೇಳುವಂತೆ ಕೇಳಿದಳು: "ಅತ್ತಿ ಮನ್ಯಾಗ ಹೊಟ್ಟಿತುಂಬ ಹಾಕ್ತಾರಿಲ್ಲೋ?"

ನಮ್ಮ ಅತ್ತೆ ನನ್ನ ಹಿಂದೆಯೇ ನಿಂತಿದ್ದರು.

ಅಲ್ಲಿಗೆ ಮುಗಿಯಿತು. ಮರುದಿನದಿಂದ ನನ್ನ ತಾಟು ಮನೆತನದ ಮರ್ಯಾದೆಯ ವಿಷಯವಾಯಿತು. ಅತ್ತೆ ನನ್ನನ್ನು ಯಾದಗಿರಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದರು. ಏನೂ ಇಲ್ಲ, ಆರೋಗ್ಯವಾಗಿದ್ದಾರೆ ಅಂದರು ಡಾಕ್ಟರು. "ಮಷೀನಿಗೇನ್ ತಿಳೀತದ" ಅಂದರು ಅತ್ತೆ, ಬರುವಾಗ ದಾರಿಯಲ್ಲೇ ಒಂದು ಡಬ್ಬಿ ಪೇಢೆ ಕೊಂಡರು.

ನಾನಾದರೂ ಇದ್ದದ್ದು ಇದ್ದಂಗೆ ಹೇಳಿದ್ದರೆ ಆಗುತ್ತಿತ್ತು. ಆದರೆ ನಮ್ಮ ಕಡೆ ಊಟದ ಮುಂದೆ ಬೇಡ ಅನ್ನುವುದು ಉತ್ತರವಲ್ಲ. ಬೇಡ ಅಂದ ಮೇಲೇ ಬಡಿಸುವವರಿಗೆ ಹುರುಪು ಬರುವುದು. ಅದಕ್ಕೇ ನಾನು ಬಹಳ ಶಾಣ್ಯಾತನದ ಒಂದು ದಾರಿ ಹುಡುಕಿದೆ. "ಇವತ್ತ ಉಪಾಸ ಅದ್ರಿ" ಅನ್ನತೊಡಗಿದೆ. ಉಪವಾಸ ಕೆಡಿಸುವ ಪಾಪಕ್ಕೆ ಇಲ್ಲಿ ಯಾರೂ ಕೈಹಾಕುವುದಿಲ್ಲ. ಸೋಮವಾರ ಶಿವನದು, ಅದು ಮೊದಲಿನಿಂದಲೂ ಇತ್ತು. ಅದರ ಜೊತೆಗೆ ಗುರುವಾರ ಸೇರಿಸಿದೆ, ಆಮೇಲೆ ಶನಿವಾರ. ನಮ್ಮಲ್ಲಿ ದೇವರಿಗೇನು ಬರವಿಲ್ಲ.

ಒಂದು ಮಾತು ಮರೆತಿದ್ದೆ. ಉಪವಾಸದವರಿಗೆ ಊಟ ಮಾಡು ಅನ್ನದ ಜನ, ಅವರನ್ನು ಹಸಿದು ಕೂರಲೂ ಬಿಡುವುದಿಲ್ಲ. ಮನೆಯಲ್ಲಿ ತುಪ್ಪ ಬಿಟ್ಟ ಸಾಬೂದಾಣಿ, ಮೇಲೆ ಶೇಂಗಾ ಪುಡಿ. ಗೋಗಿಯಲ್ಲಿ ಗ್ರಂಥಾಲಯದ ಅಕ್ಕಪಕ್ಕದ ಹೆಂಗಸರು ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದ ಶೇಂಗಾ ಉಂಡಿ, ಬಾಳೆಹಣ್ಣು, ಸಕ್ಕರೆ ಹಾಕಿ ಕಾಸಿದ ಹಾಲು. "ತಗೋರಿ, ಉಪಾಸ ಇದ್ದೋರಿಗಿ ಕೊಟ್ರ ನಮಗೂ ಪುಣ್ಯ" ಅಂದರೆ ಹೇಗೆ ಒಲ್ಲೆ ಅನ್ನಲಿ? ಆ ಶ್ರಾವಣದಲ್ಲಿ ದೇವರ ಹೆಸರಲ್ಲಿ ತಿಂದಷ್ಟು ನಾನು ಯಾವ ಮದುವೆಯಲ್ಲೂ ತಿಂದವಳಲ್ಲ. ಹೋದ ತೂಕ ತಿರುಗಿ ಬಂತು, ಬರುವಾಗ ತನ್ನ ಬಳಗವನ್ನೂ ಕರೆದುಕೊಂಡು ಬಂತು.

ಒಳಹೊಲಿಗೆ ಬಿಚ್ಚಿಸಿದೆ. ಇನ್ನು ನನ್ನ ಕೈಲಾಗುವುದಿಲ್ಲ ಅಂತ ಕೈಬಿಟ್ಟೂ ಆಗಿತ್ತು. ಒಮ್ಮೆ ಇಳಿಸಿ ಸೋತವಳಿಗೆ ಎರಡನೆಯ ಸಲ ಮೈ ಏಳುವುದಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಟಂಟಂ ಸೀಟಿನಲ್ಲಿ ನಾವು ಮೂವರು ಕೂತಿದ್ದೆವು. ನಾಲ್ಕನೆಯವಳಾಗಿ ಬಂದವಳು ಬಳೆಗಾರ್ತಿ. ವಯಸ್ಸಾದ ಹೆಣ್ಣುಮಗಳು, ಶಹಾಪುರದಿಂದ ಹಳ್ಳಿಗಳಿಗೆ ಬಳೆ ಒಯ್ದು ಮಾರುವವಳು. ಹಗ್ಗಕ್ಕೆ ಪೋಣಿಸಿದ ಗಾಜಿನ ಬಳೆಗಳ ಮಲಾರವನ್ನು ಕೂಸಿನ ಹಾಗೆ ಅವುಚಿಕೊಂಡು ಬರುತ್ತಿದ್ದಳು. ನಾನು ಸಣ್ಣಗಿದ್ದಾಗ ಎಷ್ಟೋ ಸಲ ನನ್ನ ಪಕ್ಕದಲ್ಲೇ ಕೂತವಳು. ಅಂದು ಅವಳು ಒಂದು ಕಾಲು ಒಳಗಿಟ್ಟಳು, ನಾನು ಸರಿದೆ, ಸರಿದೆ ಅಂದುಕೊಂಡೆ ಅಷ್ಟೇ, ಜಾಗವೇನೂ ಆಗಲಿಲ್ಲ.

ಡ್ರೈವರ್ ತಿರುಗಿ ನೋಡಿದ. "ಬಳಿಗಾರವ್ವ, ನೀ ಮುಂದ ಬಾ. ಅಲ್ಲಿ ಹಿಡಿಯಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಯಾಕ ಹಿಡಿಯಂಗಿಲ್ಲ? ನಾಕ್ ಮಂದಿ ಸೀಟ ಅಲ್ಲೇನಿದು? ಸಣ್ಣದ್ ಮಾಡ್ಸೀಯೇನು?"

"ಸೀಟ ಅದೇ ಅದ್ರಿ, ಅಕ್ಕಾರ" ಅಂದ ಅವನು. ಅಣಕಿಸಲಿಲ್ಲ, ನಗಲೂ ಇಲ್ಲ. ನಕ್ಕಿದ್ದರೆ ಜಗಳವಾದರೂ ಆಡುತ್ತಿದ್ದೆ.

"ಇರ್ಲಿ ಬಿಡಪ, ಆಕಿ ಆರಾಮ ಕುಂದ್ರಲಿ" ಅಂದು ಬಳೆಗಾರ್ತಿ ಮುಂದೆ ಹೋದಳು. ಡ್ರೈವರನ ಪಕ್ಕದ ಗೇಣಗಲ ಜಾಗದಲ್ಲಿ ಅರ್ಧ ಮೈ ಹೊರಗೆ ಇಟ್ಟು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮಲಾರ ಹಿಡಿದು ಕೂತಳು. ದಾರಿಯ ತಗ್ಗಿನಲ್ಲಿ ಗಾಡಿ ಕುಪ್ಪಳಿಸಿದಾಗ ಮಲಾರ ಕಂಬಿಗೆ ಬಡಿದ ಸಪ್ಪಳ ಕೇಳಿತು. ಗೋಗಿಯಲ್ಲಿ ಇಳಿದು ನೋಡಿದರೆ ಹಸಿರು ಬಳೆಗಳ ಒಂದು ಸಾಲೇ ಚೂರಾಗಿತ್ತು. ಅವಳು ಚೂರುಗಳನ್ನು ಆರಿಸಿ, ದಾರಿಯಲ್ಲಿ ಯಾರಿಗೂ ಚುಚ್ಚದಿರಲೆಂದು ಬೇಲಿ ಆಚೆ ಹಾಕಿ ನಡೆದಳು.

ಅಂದು ಗ್ರಂಥಾಲಯದಲ್ಲಿ ಕೂತು ಪೇಪರು ತೆರೆದರೆ ಅಕ್ಷರ ತಲೆಗೆ ಹತ್ತಲಿಲ್ಲ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು, ಅದೂ ನನ್ನ ಮೇಲೆ. ಮೊದಲ ಸಲ ಕನ್ನಡಿಗೋಸ್ಕರ, ಮದುವೆಮನೆಯ ಹೊಗಳಿಕೆಗೋಸ್ಕರ ಇಳಿಸಿದ್ದೆ. ಅದು ಸಿಗದೆ ಹೋದಾಗ ನನ್ನ ಹಟವೂ ಹೋಯಿತು. ಈ ಸಲ ಬೇಕಾದದ್ದು ಬೇರೆ. ಆ ಮುದುಕಿಯ ಸೀಟು ಅವಳಿಗೆ ಬಿಟ್ಟುಕೊಡಬೇಕು, ಅಷ್ಟೇ.

ಸಂಜೆ ಮನೆಗೆ ಬಂದವಳೇ ಒಲೆಯ ಮುಂದೆ ನಿಂತೆ. "ಅತ್ತಿ, ನನಗ ಯಾವ ಬ್ಯಾನಿನೂ ಇಲ್ಲ. ಗುರುವಾರ, ಶನಿವಾರದ ಉಪಾಸನೂ ಸುಳ್ಳು. ನಾ ಸಣ್ಣ ಆಗಬೇಕಂತ ಮಾಡೀನಿ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ಮಂದಿ ನನಗ ಏನಂತಾರ?"

"ನೀವ ಸಣ್ಣ ಮಾಡ್ಸಾಕತ್ತೀರಿ ಅಂತ ನಾನ ಹೇಳ್ತೀನಿ. ನನ್ನ ತಾಟ ನಿಮ್ಮ ಕೈಯಾಗ ಕೊಟ್ಟೀನಿ ನೋಡ್ರಿ."

ಅವರು ಮತ್ತೆ ರೊಟ್ಟಿ ಬಡಿಯತೊಡಗಿದರು. ಮರುದಿನ ನನ್ನ ತಾಟಿನಲ್ಲಿ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಹೆಚ್ಚಿದ ಸೌತೆಕಾಯಿ ಬಂದವು. ಇನ್ನೊಂದು ರೊಟ್ಟಿಗೆ ಕೈ ಚಾಚಿದೆ. "ಕೈ ಹಿಂದಕ್ಕ ತಗಿ" ಅಂದರು. ನಮ್ಮ ಅತ್ತೆ ಉಣಿಸುವುದರಲ್ಲಿ ಎಷ್ಟು ಗಟ್ಟಿಯೋ ತಡೆಯುವುದರಲ್ಲೂ ಅಷ್ಟೇ ಗಟ್ಟಿ ಅಂತ ಆಗಲೇ ಗೊತ್ತಾದದ್ದು.

ಗೋಗಿಯ ಹೆಂಗಸರಿಗೂ ನಿಜ ಹೇಳಿದೆ. ಮೊದಲು ನಕ್ಕರು, ಆಮೇಲೆ ಉಂಡಿ ಬಿಟ್ಟು ಮಜ್ಜಿಗೆ ತರತೊಡಗಿದರು. ಸಂಜೆ ಬಸ್‌ಸ್ಟ್ಯಾಂಡಿನ ತನಕ ಹೋಗದೆ ಶಹಾಪುರ ಬರುವ ಮೊದಲೇ ಟಂಟಂನಿಂದ ಇಳಿದು, ಮಲಗಿದ ಬುದ್ಧನಂತೆ ಕಾಣುವ ನಮ್ಮೂರ ಬೆಟ್ಟ ನೋಡುತ್ತಾ ಮನೆಗೆ ನಡೆದೆ. ಕೆಲವು ವಾರ ಏನೂ ಇಳಿಯಲಿಲ್ಲ. ಒಮ್ಮೆ ಮೆಣಸಿನಕಾಯಿ ಬಜ್ಜಿಯ ವಾಸನೆಗೆ ಸೋತು ಒಂದು ಪೊಟ್ಟಣ ಪೂರ್ತಿ ತಿಂದೆ. ಮೊದಲಿನ ನಾನಾಗಿದ್ದರೆ ಎಲ್ಲಾ ಕೆಟ್ಟಿತೆಂದು ಅಂದೇ ಬಿಟ್ಟುಬಿಡುತ್ತಿದ್ದೆ. ಈ ಸಲ ಬಾಯಿ ಒರೆಸಿಕೊಂಡು ನಡೆದೆ, ಮರುದಿನವೂ ನಡೆದೆ.

ಮುಂದೆ ಸುರಪುರದಲ್ಲೇ ಬಸುರಿ ಹೆಣ್ಣುಮಗಳ ಕುಬಸದ ಕಾರ್ಯಕ್ಕೆ ಹೋದಾಗ ಅದೇ ಹಿರಿಯಳು "ಯಾಕವ್ವ, ಮತ್ತ ಸೊರಗೀಯಲ್ಲ" ಅಂದಳು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಮುಂದೆ ಬಂದರು. "ಸೊರಗಿಲ್ಲ. ನಾನ ಇಳ್ಸೀನಿ ಆಕಿನ್ನ." ಎದೆ ಸೆಟೆಸಿ ಹಾಗೆ ಹೇಳಿ, ನನ್ನ ಎಲೆಯ ಮೇಲಿನ ಎರಡನೆಯ ಹೋಳಿಗೆಯನ್ನು ಎತ್ತಿ ತಮ್ಮ ಎಲೆಗೆ ಹಾಕಿಕೊಂಡರು.

ಆದರೆ ನಾನು ಕಾಯುತ್ತಿದ್ದದ್ದು ಬೇರೆ ದಿನಕ್ಕೆ. ಬಳೆಗಾರ್ತಿ ಎಷ್ಟೋ ದಿನದಿಂದ ಬೇರೆ ಹಳ್ಳಿಗಳ ಕಡೆ ತಿರುಗುತ್ತಿದ್ದಳು, ಕಣ್ಣಿಗೆ ಬಿದ್ದಿರಲಿಲ್ಲ. ಮರುವರ್ಷ ದಸರಾ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಮಲಾರ ಅವುಚಿಕೊಂಡು ಬಂದೇಬಿಟ್ಟಳು. ಸೀಟಿನಲ್ಲಿ ನಾವು ಮೂವರು. ಹಳೆಯ ಲೆಕ್ಕದಲ್ಲೇ ಅವಳು ಮುಂದಕ್ಕೆ ಹೊರಟಿದ್ದಳು.

"ದೊಡ್ಡವ್ವ, ಇಲ್ಲಿ ಬಾ."

ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಹಿಡೀತದೇನ್ರಿ, ಅಕ್ಕಾರ?"

"ಸೀಟ ಅದೇ ಅದಪ" ಅಂದೆ.

ಬೆನ್ನು ಒರಗಿಸಿ ಸರಿದೆ. ಬಳೆಗಾರ್ತಿ ನನ್ನ ಪಕ್ಕದಲ್ಲಿ ಕೂತಳು, ಪೂರ್ತಿ ಕೂತಳು, ಎರಡೂ ಕಾಲು ಒಳಗೆ. ಹೋ ಎಂದು ಕೂಗಬೇಕೆನಿಸಿತು. ಗಾಡಿ ಹೊರಟಿತು. ಅವಳು ನನ್ನ ಮುಖ ನೋಡಿ, "ಯಾಕವ್ವ, ಆರಾಮ ಇಲ್ಲೇನು?" ಅಂದಳು.

"ಇಷ್ಟ ಆರಾಮ ನಾ ಎಂದೂ ಇದ್ದಿಲ್ಲ, ದೊಡ್ಡವ್ವ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೊದಲು ಹೊಟ್ಟೆಯೇ ಆವರಿಸಿದ್ದ ಜಾಗದಲ್ಲಿ ಈಗ ತೊಡೆ ಕಾಣುತ್ತಿತ್ತು. "ಹಂಗಾರ ಇದನ್ನ ಹಿಡಿ. ನನ್ನ ಕೈ ಸೋತಾವ" ಅಂದು ಮಲಾರವನ್ನು ನನ್ನ ಮಡಿಲಿಗೆ ಇಟ್ಟಳು. ತಗ್ಗು ಬಂದಾಗ ಅದನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದೆ. ಗೋಗಿಯಲ್ಲಿ ಇಳಿದು ಅವಳು ಹಗ್ಗ ಬಿಚ್ಚಿ ಒಂದೊಂದೇ ಸಾಲು ಸರಿಸಿ ನೋಡಿದಳು. ಒಂದು ಬಳೆಯೂ ಒಡೆದಿರಲಿಲ್ಲ.