ಹಳದಿ ಬಟ್ಟೆಯ ಕೆಳಗಿನ ಮಗು

ಕ್ಯಾರಲ್ಟನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಟರ್ಕಿಯವರು. ಗಂಡ ವಾರವಿಡೀ ಆಸ್ಟಿನ್‌ನಲ್ಲಿ ಕೆಲಸ ಮಾಡಿ ಶುಕ್ರವಾರ ಸಂಜೆ ಮನೆ ಸೇರುತ್ತಿದ್ದ. ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರ್. ಆಗಸ್ಟ್‌ನಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ಬಾಣಂತನ ಮಾಡಲು ಅವಳ ತಾಯಿ ಟರ್ಕಿಯ ಒಂದು ಸಣ್ಣ ಊರಿನಿಂದ ಬಂದಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಅದೇ ಸಮಯಕ್ಕೆ ಧಾರವಾಡದಿಂದ ನಮ್ಮ ಅತ್ತೆಯೂ ಬಂದಿದ್ದರು. ಅವರಿಗೂ ಇಂಗ್ಲಿಷ್ ಬಾರದು.

ಮಗುವನ್ನು ನೋಡಲು ಅತ್ತೆ, ನಾನು ಇಬ್ಬರೂ ಹೋದೆವು. ಹೊರಗೆ ಕಾರಿನ ಬಾಗಿಲು ಮುಟ್ಟಲಾಗದಷ್ಟು ಬಿಸಿಲು. ಒಳಗೆ ಎಸಿ ಆರಿಸಿದ್ದರು, ಬ್ಲೈಂಡ್ಸ್ ಪೂರ್ತಿ ಮುಚ್ಚಿದ್ದರು. ಬಾಣಂತಿಯ ತಲೆಗೆ ಕೆಂಪು ರಿಬ್ಬನ್ ಕಟ್ಟಿತ್ತು. ಮಗುವಿನ ಅಜ್ಜಿ ನಮ್ಮ ಅಂಗೈಗೆ ನಿಂಬೆಯ ಪರಿಮಳದ ಕಲೋನ್ ಸುರಿದು, ಉಜ್ಜಿಕೊಳ್ಳಿ ಎಂದು ಸನ್ನೆ ಮಾಡಿದರು. ಆಮೇಲೆ ಲವಂಗ, ಚಕ್ಕೆ ಹಾಕಿದ ಕೆಂಪು ಶರಬತ್ತು ಕೊಟ್ಟರು. ಬಾಣಂತಿಗೆ ಹಾಲು ಚೆನ್ನಾಗಿ ಬರಲೆಂದು ಮಾಡುವ ಶರಬತ್ತು ಅದು.

ಅತ್ತೆ ಒಂದು ಗುಟುಕು ಕುಡಿದು ನನ್ನತ್ತ ತಿರುಗಿದರು. "ನಮ್ಮ ಕಡೆ ಬಾಣಂತಿಗೆ ಮೆಣಸು ತಿನ್ನಿಸಿ ಕಣ್ಣಾಗ ನೀರು ಬರಸ್ತೀವಿ. ಇವ್ರು ನೋಡವಾ, ಸಕ್ರಿ ಕುಡಸ್ತಾರ. ಪುಣ್ಯಾ ಮಾಡ್ಯಾಳ ಹುಡುಗಿ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಅವಳು ಟರ್ಕಿಶ್‌ನಲ್ಲಿ ತಾಯಿಗೆ ಹೇಳಿದಳು. ಅಜ್ಜಿ ನಕ್ಕರು.

ತೊಟ್ಟಿಲಿಗೆ ತೆಳ್ಳನೆಯ ಹಳದಿ ಬಟ್ಟೆ ಹೊದಿಸಿದ್ದರು. ಹೊಸ ಕೂಸಿಗೆ ಕಾಮಾಲೆ ತಟ್ಟದಿರಲೆಂದು ಅವರಲ್ಲಿ ಹಾಗೆ ಮಾಡುತ್ತಾರೆ. ನಲವತ್ತು ದಿನ ತಾಯಿ, ಮಗು ಹೊಸ್ತಿಲು ದಾಟಬಾರದು ಎಂಬುದೂ ಅಲ್ಲಿಯ ಪದ್ಧತಿ. ಹೆರಿಗೆಯಾಗಿ ಮನೆಗೆ ಬಂದ ಕೂಡಲೇ ಮಕ್ಕಳ ಡಾಕ್ಟರಿಗೆ ತೋರಿಸಬೇಕಿತ್ತು. ಆ ಅಪಾಯಿಂಟ್‌ಮೆಂಟನ್ನು ಬಾಣಂತಿ ಮುಂದಕ್ಕೆ ಹಾಕಿಸಿದ್ದಳು.

"ಅಮ್ಮ ಅಷ್ಟು ದೂರದಿಂದ ನನಗೋಸ್ಕರ ಬಂದಿದ್ದಾಳೆ. ಬೇಡ ಅಂದಾಗ ಜಗಳ ಆಡೋಕೆ ಮನಸ್ಸು ಬರಲಿಲ್ಲ," ಎಂದಳು.

ಅತ್ತೆ ತೊಟ್ಟಿಲ ಬಳಿ ಹೋದರು. "ಹಾಲು ಕುಡೀತಾಳೇನು ಕೇಳು."

"ಕುಡಿಯೋದು ಕಡಿಮೆ. ಎಬ್ಬಿಸಿದರೂ ಮತ್ತೆ ನಿದ್ದೆ. ಅಳೋದೇ ಇಲ್ಲ, ಬಲು ಒಳ್ಳೆಯ ಮಗು ಅಂತಾಳೆ ಅಮ್ಮ," ಎಂದಳು ಬಾಣಂತಿ.

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆಯ ಮುಖ ಬದಲಾಯಿತು. ಅವರು ಯಾರನ್ನೂ ಕೇಳದೆ ಬಟ್ಟೆ ಸರಿಸಿದರು. ಹಳದಿ ಬಟ್ಟೆಯ ಕೆಳಗೆ ಯಾವ ಮಗುವಾದರೂ ಹಳದಿಯಾಗಿಯೇ ಕಾಣುತ್ತದೆ. ಬಟ್ಟೆ ಸರಿಸಿದ ಮೇಲೂ ಈ ಮಗುವಿನ ಬಣ್ಣ ಬದಲಾಗಲಿಲ್ಲ. ನಾನು ಬ್ಲೈಂಡ್ಸ್ ಎತ್ತಿದೆ. ಮುಖ, ಎದೆ, ಹೊಟ್ಟೆ ಎಲ್ಲ ಒಂದೇ ಬಣ್ಣ.

"ಎಳೀ ಬಿಸಿಲಿಗೆ ಹಿಡೀರಿ, ಇಳೀತದ," ಎಂದರು ಅತ್ತೆ. ಅಜ್ಜಿ ಬಟ್ಟೆಯನ್ನು ಮತ್ತೆ ಹೊದಿಸಲು ಬಂದರು. ಒಬ್ಬರದು ಬಿಸಿಲು, ಇನ್ನೊಬ್ಬರದು ಬಟ್ಟೆ. ಇಬ್ಬರೂ ಹಲವು ಮಕ್ಕಳನ್ನು ಸಾಕಿದವರು.

"ಡಾಕ್ಟರಿಗೆ ಫೋನ್ ಮಾಡು," ಎಂದೆ ನಾನು.

ಕ್ಲಿನಿಕ್‌ನ ನರ್ಸ್ ಹೆಚ್ಚೇನೂ ಕೇಳಲಿಲ್ಲ. ಹಾಲು ಕುಡಿಯುತ್ತಿದೆಯೇ, ಕಾಲು ಹಳದಿಯಾಗಿದೆಯೇ ಎಂದಷ್ಟೇ ಕೇಳಿ, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದಳು.

ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ತಾಯಿ ಮಗಳ ನಡುವೆ ಏರಿದ ದನಿಯಲ್ಲಿ ಮಾತು ನಡೆಯಿತು. ಕೊನೆಗೆ ಮಗಳು ಮೆಲ್ಲಗೆ ಏನೋ ಒಂದು ಮಾತು ಹೇಳಿದಳು. ಅಜ್ಜಿ ಪಕ್ಕಕ್ಕೆ ಸರಿದರು. ಅತ್ತೆ ಅವರ ಕೈ ಹಿಡಿದುಕೊಂಡು, "ನೀವು ಕುಂದರ್ರಿ, ನಾ ನಿಮ್ ಜೋಡಿ ಇರ್ತೀನಿ," ಎಂದು ಕನ್ನಡದಲ್ಲೇ ಹೇಳಿದರು. ಬಾಣಂತಿಯನ್ನೂ ಮಗುವನ್ನೂ ಕೂರಿಸಿಕೊಂಡು ನಾನು ಆಸ್ಪತ್ರೆಗೆ ಡ್ರೈವ್ ಮಾಡಿದೆ.

ರಕ್ತದ ಪರೀಕ್ಷೆಯಾದ ಕೂಡಲೇ ಮಗುವನ್ನು ಒಳಗೆ ಕರೆದೊಯ್ದು, ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ತಡವಾದರೆ ಕಾಮಾಲೆ ಮೆದುಳಿಗೆ ಏರುತ್ತದೆ, ಕಿವಿ ಹೋಗಬಹುದು, ಜೀವವೂ ಹೋಗಬಹುದು ಎಂದು ಡಾಕ್ಟರು ಹೇಳಿದರು. ಸಮಯಕ್ಕೆ ಬಂದಿದ್ದೀರಿ ಎಂದು ಅವರು ಹೇಳುವವರೆಗೂ ಅವಳು ಕುರ್ಚಿಯಲ್ಲಿ ಕೂರಲಿಲ್ಲ.

ಗಂಡ ಆಸ್ಟಿನ್‌ನಿಂದ ಹೊರಟಿದ್ದ. ಅವನನ್ನು ಕಾಯುತ್ತಾ ಕಾರಿಡಾರ್‌ನಲ್ಲಿ ಕೂತಿದ್ದಾಗ ಅವಳೇ ಹೇಳಿದಳು. "ಬಾಗಿಲ ಹತ್ತಿರ ಅಮ್ಮನಿಗೆ ಏನಂದೆ ಗೊತ್ತಾ? ಈ ಮಗು ಉಳಿಯದೇ ಹೋದರೆ ಅದಕ್ಕೆ ನೀನೇ ಕಾರಣ ಅಂದೆ."

 

ಮಗು ಉಳಿಯಿತು. ಬಣ್ಣ ತಿಳಿಯಾಯಿತು, ಎಚ್ಚರವಾಗಿ ಹಾಲು ಕುಡಿಯತೊಡಗಿತು. ಕಿವಿಯ ಪರೀಕ್ಷೆಯಲ್ಲೂ ತೊಂದರೆ ಕಾಣಲಿಲ್ಲ.

ಅವರು ಮನೆಗೆ ಮರಳಿದ ಮೇಲೆ ಅತ್ತೆ, ನಾನು ಮತ್ತೆ ಹೋದೆವು. ಬಾಗಿಲು ತೆರೆದವರು ಅಜ್ಜಿ. ಬಾಣಂತಿ ಸ್ನಾನಕ್ಕೆ ಹೋಗಿದ್ದಳು. ನಮ್ಮನ್ನು ಕೂರಿಸಿ ಅಜ್ಜಿಯೂ ಕೂತರು. ಸ್ವಲ್ಪ ಹೊತ್ತಿಗೆ ಮಗು ಅಳತೊಡಗಿತು. ಜೋರಾದ, ಆರೋಗ್ಯವಂತ ಮಗುವಿನ ಅಳು. ಅಜ್ಜಿ ತೊಟ್ಟಿಲ ತನಕ ಹೋದರು. ಎರಡೂ ಕೈ ಚಾಚಿದವರು ಅಲ್ಲೇ ನಿಂತು ಬಚ್ಚಲಿನ ಬಾಗಿಲ ಕಡೆ ನೋಡಿದರು.

"ಎತ್ಗೋರಿ ಯವ್ವಾ," ಎಂದರು ಅತ್ತೆ. "ನಿಮ್ಮ ಮೊಮ್ಮಗಳು ಅದು."

ಅಜ್ಜಿ ಬಚ್ಚಲಿನ ಬಾಗಿಲು ತಟ್ಟಿ ಏನೋ ಕೇಳಿದರು. ಒಳಗೆ ನೀರಿನ ಸದ್ದು, ಮಗಳಿಗೆ ಕೇಳಿಸಲಿಲ್ಲ. ಮತ್ತೊಮ್ಮೆ ತಟ್ಟಿದರು. ಉತ್ತರ ಬರುವವರೆಗೂ ಅವರು ಮಗುವನ್ನು ಮುಟ್ಟಲಿಲ್ಲ.