ನೀಲಮ್ಮ ಮದ್ರಾಸಿಗೆ ಓದಲು ಹೋದದ್ದು

ಬೆಳಿಗ್ಗೆ ಪಕ್ಕದ ಮನೆಯಿಂದ ಜೋಳದ ರೊಟ್ಟಿ ಸೀದ ವಾಸನೆ ಬಂತು. ನಿಮಗೆ ಅದು ಬರೀ ಸೀದ ವಾಸನೆ ಇರಬಹುದು. ನನಗೆ ಅದು ನನ್ನ ಹೆಂಡತಿ ಎಂ.ಎ. ಓದಿದ ಕಾಲದ ವಾಸನೆ. ಓದಿದವಳು ಅವಳು, ರೊಟ್ಟಿ ಸುಟ್ಟವನು ನಾನು.

ಆಗಷ್ಟೇ ಎರಡನೆಯ ಮಹಾಯುದ್ಧ ಮುಗಿದಿತ್ತು, ನಮ್ಮ ಜಿಲ್ಲೆ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಇದೇ ಮನೆಯಲ್ಲಿ ನಾವು ಮೂವರು: ನಾನು, ನೀಲಮ್ಮ, ನಮ್ಮವ್ವ. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನೀಲಮ್ಮ ಬಿ.ಎ. ಮಾಡಿ, ಹೆಣ್ಣುಮಕ್ಕಳ ಶಾಲೆಗಳನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದಳು. ಮೂವತ್ತಾರು ವಯಸ್ಸು, ಕಾಯಂ ನೌಕರಿ. ಊರೂರು ಸುತ್ತಿ ಬಂದರೆ ಸೀರೆಯಂಚಿನ ತುಂಬ ಎರೆಮಣ್ಣು.

ಒಮ್ಮೆ ಕುರುಗೋಡಿನ ಶಾಲೆಗೆ ಹೋದಾಗ ಕ್ಲಾಸಿನಲ್ಲಿ ಆರೇ ಹುಡುಗಿಯರಿದ್ದರಂತೆ. ಉಳಿದವರೆಲ್ಲ ಹತ್ತಿ ಬಿಡಿಸಲು ಹೋಗಿದ್ದರು. ನೀಲಮ್ಮ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನೇರ ಹೊಲಕ್ಕೇ ಹೋದಳು. ಅಲ್ಲಿ ಹನುಮವ್ವ ಎಂಬ ತಾಯಿ, ಕೈಯ ಕೆಲಸ ನಿಲ್ಲಿಸದೆಯೇ ಅಂದಳಂತೆ:

"ಅಮ್ಮಾರ, ನಮಗ ಕೆಲ್ಸ ಇಲ್ದಾಗ ನೀವು ಸಾಲಿಗಿ ರಜಾ ಕೊಡ್ತೀರಿ. ಕೆಲ್ಸ ಬಂದಾಗ ಸಾಲಿ ತೆಗೀತೀರಿ. ಇದನ್ನ ಬರದಾವ್ರು ಹತ್ತಿ ಗಿಡ ನೋಡ್ಯಾರೇನ್ರಿ?"

ಹತ್ತಿಯ ಹೊತ್ತಿಗೆ ರಜೆ ಕೊಡಿ ಎಂದು ನೀಲಮ್ಮ ಮೇಲಿನ ಕಚೇರಿಗೆ ಬರೆದಳು. ನಿಯಮದಲ್ಲಿ ಅವಕಾಶವಿಲ್ಲ ಎಂದು ಉತ್ತರ ಬಂತು. ಮತ್ತೆ ಬರೆದಳು, ಅದೇ ಉತ್ತರ. ಮೂರನೆಯ ಸಲವೂ ಅದೇ ಬಂದಾಗ ಕಾಗದ ಮಡಿಸಿಟ್ಟು ನನ್ನನ್ನು ಕೇಳಿದಳು: "ನಿಯಮ ಬರಿಯೋ ಕೋಣಿಯೊಳಗ ಹೋಗಾಕ ಏನು ಓದಬೇಕ್ರಿ?"

"ಅರ್ಥಶಾಸ್ತ್ರ," ಎಂದೆ ನಗುತ್ತ.

ಮನುಷ್ಯ ತಮಾಷೆ ಮಾಡುವ ಮುಂಚೆ ಎದುರಿಗಿರುವವರು ಯಾರೆಂದು ನೋಡಿಕೊಳ್ಳಬೇಕು. ತಿಂಗಳೊಳಗೆ ಮದ್ರಾಸಿನ ಕಾಲೇಜಿನಿಂದ ಎಂ.ಎ. ಅರ್ಜಿ ಫಾರಮು ಬಂತು. ಎರಡು ವರ್ಷ ರಜೆ ಕೊಡುವುದಿಲ್ಲ, ಹೋಗುವುದಾದರೆ ರಾಜೀನಾಮೆ ಕೊಟ್ಟು ಹೋಗಿ ಎಂದರು ಕಚೇರಿಯವರು. ನಾನೂ ಬೇಡವೆಂದೆ. ಈ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂರುವುದೇ? ಕೈಯಲ್ಲಿರುವ ನೌಕರಿ ಬಿಡುವುದೇ? ಒಂದು ವಾರ ನಾನು ಮಂಡಿಸಿದ ವಾದಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ವಾರದ ಕೊನೆಗೆ ಅವ್ವ ಸೊಸೆಯನ್ನು ಕರೆದಳು.

"ಅಲ್ಲಿ ಜ್ವಾಳದ ರೊಟ್ಟಿ ಸಿಗತೈತೇನು?"

"ಇಲ್ರಿ ಅತ್ತಿ."

"ಹಂಗಾರ ಖಡಕ್ ರೊಟ್ಟಿ ಮಾಡಿ ಕೊಡ್ತೀನಿ, ಕಟ್ಕೊಂಡು ಹೋಗು." ಆಮೇಲೆ ನನ್ನ ಕಡೆ ತಿರುಗಿದಳು: "ಲೇ, ಅಕಿ ಅರ್ಥಶಾಸ್ತ್ರ ಕಲೀತಾಳ, ನೀನು ರೊಟ್ಟಿ ಬಡಿಯೋದು ಕಲಿ. ದಿನಾ ಬಡಿಯೋದು ನನ್ನ ಕೈಲೆ ಇನ್ನ ಆಗೂದಿಲ್ಲ."

ನೀಲಮ್ಮ ರಾಜೀನಾಮೆ ಕೊಟ್ಟು ಹೊರಟಳು. ಮದ್ರಾಸಿನಲ್ಲಿ ಮೊದಲ ದಿನ ಅವಳು ಕ್ಲಾಸಿನ ಬಾಗಿಲಿಗೆ ಬಂದಾಗ ಎಲ್ಲರೂ ಎದ್ದು ನಿಂತರಂತೆ, ಪಾಠ ಮಾಡುವವರು ಬಂದರೆಂದು. "ಎಲ್ಲಾರಿಗೂ ಕೂಡ್ರಿ ಅಂತ ಕೈ ಮಾಡಿ, ನಾನೂ ಹಿಂದಿನ ಬೆಂಚಿಗೆ ಹೋಗಿ ಕುಂತೆ," ಎಂದು ಬರೆದಿದ್ದಳು. ಆ ಕಾಗದವನ್ನು ಅವ್ವ ನನ್ನಿಂದ ನಾಲ್ಕು ಸಲ ಓದಿಸಿಕೊಂಡು ನಕ್ಕಳು. ಮೊದಲ ಪರೀಕ್ಷೆಯಲ್ಲಿ ಸಂಖ್ಯಾಶಾಸ್ತ್ರ ಕೈಕೊಟ್ಟಿತು. ನಾನು ಮೇಷ್ಟ್ರ ಗತ್ತಿನಿಂದ ಲೆಕ್ಕ ಬಿಡಿಸಿ ಅಂಚೆಗೆ ಹಾಕತೊಡಗಿದೆ. ಎಂಟನೆಯ ತಿಂಗಳಲ್ಲಿ ನನ್ನದೊಂದು ಲೆಕ್ಕ ಅವಳ ಕೈಯಿಂದ ಕೆಂಪು ಗೀಟು ಹಾಕಿಸಿಕೊಂಡು ವಾಪಸು ಬಂತು. ಪೇಟೆಯಲ್ಲಿ ಅಷ್ಟು ಸಂತೋಷದಿಂದ ತನ್ನ ತಪ್ಪನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗಿದವನು ನಾನೊಬ್ಬನೇ ಇರಬೇಕು.

ರಜೆಗೆ ಬಂದರೂ ಅವಳು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳೆಗೂ ಶಾಲೆಗೂ ಇರುವ ನಂಟಿನ ಮೇಲೆ ಬರೆಯುತ್ತಿದ್ದ ಎಂ.ಎ. ಪ್ರಬಂಧಕ್ಕಾಗಿ ಸಿರುಗುಪ್ಪದ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿದೆವು. ದೇಶನೂರಿನಲ್ಲಿ ಕಾಲುವೆ ನೀರಿನ ಭತ್ತ. ಅಲ್ಲಿ ಹುಡುಗಿಯರು ನಾಟಿಯ ಹೊತ್ತಿಗೆ ಶಾಲೆ ಬಿಡುತ್ತಿದ್ದರು, ಕುರುಗೋಡಿನಲ್ಲಿ ಹತ್ತಿಯ ಹೊತ್ತಿಗೆ. ಒಂದೇ ರಜೆ ಎರಡೂ ಊರಿಗೆ ಹೊಂದುವುದಿಲ್ಲ ಎಂದು ಆ ಕೆಸರಿನಲ್ಲಿ ನಿಂತರೆ ನನ್ನಂಥವನಿಗೂ ತಿಳಿಯುತ್ತಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಅವಳು ಪಾಸಾದಳು. ಆಗಲೇ ಹಳ್ಳಿ ಶಾಲೆಗಳ ನಿಯಮ ತಿದ್ದಲು ಮದ್ರಾಸಿನಲ್ಲಿ ಸಮಿತಿಯೊಂದು ಕೂತಿತ್ತು. ಅವಳ ಪ್ರಬಂಧ ಓದಿದವರು ಕರಡು ಬರೆಯುವ ಕೆಲಸಕ್ಕೆ ಅವಳನ್ನೇ ಕರೆದರು. ನಾನು ಇನ್ನೂ ಎರಡು ವರ್ಷ ರೊಟ್ಟಿ ಸುಟ್ಟೆ. ಕೊನೆಗೆ ಆದೇಶ ಹೊರಬಿತ್ತು: ಬೇಸಿಗೆ ರಜೆಯಲ್ಲಿ ಅರ್ಧವನ್ನು ಆಯಾ ಊರಿನ ಬೆಳೆ ನೋಡಿ ಕೊಡಬಹುದು. ನೀಲಮ್ಮ ಅದನ್ನು ಕುರುಗೋಡಿಗೆ ಹೋಗಿ ತಾನೇ ಓದಿ ಹೇಳಿದಳು. ಹನುಮವ್ವ ಬಾಯಿಗೆ ಸೆರಗು ಹಿಡಿದು ನಿಂತಳು.

"ನಾ ಹೊಲದಾಗ ಅಂದ ಮಾತು ಮದ್ರಾಸಿನ ತನಕ ಹೋತೇನ್ರಿ ಅಮ್ಮಾರ?"

"ಹೋತವ್ವಾ. ನಡಕೊಂತ ಹೋತು, ಅದಕ್ಕ ತಡ ಆತು."

ಮರುವರ್ಷ ಹತ್ತಿ ಮುಗಿದ ಮೇಲೆ ಆ ಶಾಲೆಯಲ್ಲಿ ಹುಡುಗಿಯರಿಗೆ ಕೂರಲು ಚಾಪೆ ಸಾಲಲಿಲ್ಲ.

ಇಷ್ಟೆಲ್ಲ ನೆನೆಯುತ್ತ ಕೂತಿದ್ದೆ. ಮಧ್ಯಾಹ್ನ ಪಕ್ಕದ ಮನೆಯ ಹೊಸ ಸೊಸೆ, ಆಕೆಯೂ ಶಾಲೆಯ ಟೀಚರು, ಮಾತಾಡಿಸಲು ಬಂದಳು. "ಆ ಕಾಲದಾಗ ನೀವು ಅಮ್ಮನ್ನ ಮದ್ರಾಸಿಗೆ ಓದಾಕ ಕಳಿಸಿದ್ರಂತಲ್ರಿ, ದೊಡ್ಡ ಮನಸು ನಿಮ್ದು," ಎಂದಳು. ಇಷ್ಟು ವರ್ಷ ಈ ಮಾತು ಬಂದಾಗಲೆಲ್ಲ ನಾನು ತಲೆಯಾಡಿಸಿ ಶಭಾಸ್‌ಗಿರಿ ತೆಗೆದುಕೊಂಡಿದ್ದೇನೆ. ಇವತ್ತು ಯಾಕೋ ಆಗಲಿಲ್ಲ.

"ನಾ ಕಳಿಸಲಿಲ್ಲಮ್ಮ, ಬ್ಯಾಡ ಅಂದಿದ್ದೆ. ಅಕಿನ ಹೋದ್ಲು. ನಾ ಠೇಶನ್ ತನಕ ಪೆಟ್ಟಿಗಿ ಹೊತ್ತಿದ್ದೆ, ಅಷ್ಟ."

ಒಳಗಿನಿಂದ ನೀಲಮ್ಮನ ದನಿ ಬಂತು: "ಪೆಟ್ಟಿಗೀನೂ ನಾನ ಹೊತ್ತಿದ್ದೆ. ನಿಮ್ಮ ಕೈಯಾಗ ಛತ್ರಿ ಇತ್ತು."