ಬಾಣಂತಿ ಕೋಣೆಯ ಬಿಸಿ ನೆಲ

ನೆಲ ತಣ್ಣಗಿರಬೇಕು ಎಂದು ಹೊಸಪೇಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯುಗಾದಿ ಕಳೆಯಿತೆಂದರೆ ಮಧ್ಯಾಹ್ನ ಊಟ ಮುಗಿಸಿದವರೆಲ್ಲ ಚಾಪೆಯನ್ನೂ ಆಚೆ ಸರಿಸಿ ಬರಿಗಲ್ಲಿಗೆ ಬೆನ್ನು ಹಚ್ಚುವ ಊರು ಇದು. ಇಂಥ ಊರಲ್ಲಿ ನೆಲದ ಕೆಳಗೆ ಬೆಂಕಿ ಹಾಕಿಸಿದ ಮನೆ ಒಂದೇ ಒಂದಿತ್ತು, ಅದು ನನ್ನ ತವರುಮನೆ. ಆ ನೆಲದ ಮೇಲೆ ವೈಶಾಖದಲ್ಲಿ ಬಾಣಂತನ ಮಾಡಿಸಿಕೊಂಡವಳು ನಾನು.

ಅಪ್ಪ ಜಿಲ್ಲಾ ಬೋರ್ಡಿನಲ್ಲಿ ರಸ್ತೆ ಓವರ್ಸಿಯರ್ ಆಗಿದ್ದ. ಹರೆಯದಲ್ಲಿ ಯಾವನೋ ಇಂಗ್ಲಿಷ್ ದೊರೆಯ ಜೊತೆ ಸರ್ವೆ ಕೆಲಸಕ್ಕೆಂದು ಕಾಶ್ಮೀರಕ್ಕೆ ಹೋಗಿದ್ದನಂತೆ. ಅಲ್ಲಿ ಕಲ್ಲುಚಪ್ಪಡಿಯ ಕೆಳಗೆ ಸೌದೆ ಉರಿಸಿ ಕೋಣೆ ಬೆಚ್ಚಗಿಡುವುದನ್ನು ನೋಡಿ ಬಂದಿದ್ದ. ನೋಡಿ ಬಂದು ಸುಮ್ಮನಿದ್ದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ನಾನು ಚೊಚ್ಚಲು ಬಸುರಿಯೆಂದು ತಿಳಿದದ್ದೇ ತಡ, ಕಮಲಾಪುರದಿಂದ ಗೌಂಡಿಯನ್ನು ಕರೆಸಿ ಬಚ್ಚಲ ಪಕ್ಕದ ಕೋಣೆಯ ನೆಲ ಅಗೆಸಿದ. ಬಚ್ಚಲೊಲೆಯ ಹೊಗೆ ಚಪ್ಪಡಿಗಳ ಕೆಳಗೆ ಹಾವಿನಂತೆ ಸುತ್ತಿ ಆಚೆ ಗೋಡೆಯ ಕೊಳವೆಯಿಂದ ಹೊರಬೀಳಬೇಕು, ಬಿಸಿ ಮಾತ್ರ ಒಳಗೆ ಉಳಿಯಬೇಕು. ಇದು ಅವನ ಲೆಕ್ಕ. ಮೊದಲ ಸಲ ಒಲೆ ಹಚ್ಚಿದಾಗ ಹೊಗೆಯೆಲ್ಲ ಸಂದುಗಳಿಂದ ಎದ್ದು ಅವ್ವನ ದೇವರ ಕೋಣೆಗೆ ಹೋಯಿತು. ಅಪ್ಪ ಮತ್ತೆ ಗಾರೆ ಕಲಸಿದ.

"ಹಂಪಿಯೊಳಗ ಅಷ್ಟು ದೊಡ್ಡ ಅರಸರಿದ್ರು, ಅವರೂ ಇಂಥದ್ದು ಮಾಡಿಸಲಿಲ್ಲಲ್ರೀ" ಎಂದಳು ಅವ್ವ.

"ಅದಕ್ಕ ಹಾಳಾತು ನೋಡು" ಎಂದ ಅಪ್ಪ.

ಇಷ್ಟೆಲ್ಲ ಹಟಕ್ಕೆ ಕಾರಣವೊಂದಿತ್ತು. ಬಾಣಂತಿಯನ್ನು ಬೆಚ್ಚಗಿಡಲು ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು ನಮ್ಮ ಕಡೆಯ ಪದ್ಧತಿ. ಹಾಗೆ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲೇ ನನ್ನ ಅಕ್ಕ ಶಾಂತವ್ವನ ಚೊಚ್ಚಲ ಕೂಸು ಉಸಿರುಕಟ್ಟಿ ಹೋಗಿತ್ತು. ಅಕ್ಕನಿಗೆ ಎಚ್ಚರ ಬರಿಸುವುದೇ ಕಷ್ಟವಾಗಿತ್ತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಹೀಗಾಗಿ ನಾನು ಬಾಯಿ ಮುಚ್ಚಿಕೊಂಡು ಆ ನೆಲದ ಮೇಲೆ ಮಲಗಿದೆ. ಕಿವಿಗೆ ಹತ್ತಿ, ತಲೆಗೆ ಉಣ್ಣೆ ವಸ್ತ್ರ, ಊಟಕ್ಕೆ ಮೆಣಸಿನ ಸಾರು. ಹೊರಗೆ ಬಂಡೆಗಳೇ ಕಾದು ಸಿಡಿಯುವಂಥ ಬಿಸಿಲು, ಕೆಳಗೆ ಅಪ್ಪನ ಕಾಶ್ಮೀರ. ಕೂಸಿನ ಮೈತುಂಬ ಬೆವರುಸಾಲೆ. ಇದರ ಮೇಲೆ ಅಪ್ಪ ಗಳಿಗೆಗೊಮ್ಮೆ ಕಿಟಕಿಗೆ ಬಂದು "ಬಿಸಿ ಸಾಕೇನವ್ವ?" ಎಂದು ವಿಚಾರಿಸುತ್ತಿದ್ದ.

ಒಂದು ಮಧ್ಯಾಹ್ನ ನನ್ನ ತಾಳ್ಮೆ ಮುಗಿಯಿತು. "ಅಪ್ಪ, ಇದು ಬಾಣಂತಿ ಕೋಣಿ ಅಲ್ಲ, ರೊಟ್ಟಿ ಹಂಚು. ಒಂದು ಮಗ್ಗಲು ಬೆಂದೈತಿ, ಬಂದು ತಿರುವಿ ಹಾಕು" ಎಂದೆ.

ಅಪ್ಪ ನನ್ನನ್ನೂ ಕೂಸನ್ನೂ ಪಡಸಾಲೆಗೆ ಕಳಿಸಿ, ತಾನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಆ ನೆಲದ ಮೇಲೆ ಮಲಗಿದ. ಹೊರಗೆ ಬಂದಾಗ ಅಂಗಿ ಹಿಂಡುವ ಹಾಗಿತ್ತು.

"ಕಾಶ್ಮೀರದಾಗ ಹಿಂಗ ಆಗಿದ್ದಿಲ್ಲ" ಎಂದ.

"ಅಲ್ಲಿ ನಮ್ಮ ವೈಶಾಖ ಬಂದಿದ್ದಿಲ್ಲ" ಎಂದಳು ಅವ್ವ.

ಅಪ್ಪ ನೆಲದಡಿಗೆ ಹೊಗೆ ಹೋಗುವ ಬಾಯಿಗೆ ಕಲ್ಲು ಮಣ್ಣು ಮೆತ್ತಿ ಹೊಗೆಯನ್ನು ಬಚ್ಚಲ ಸೂರಿನ ಕಿಂಡಿಗೇ ತಿರುಗಿಸಿದ. ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಅವ್ವ, ಬಾಣಂತಿ ಮೈ ಆರಬಾರದೆಂದು, ಅಟ್ಟದ ಮೇಲಿದ್ದ ಅಗ್ಗಿಷ್ಟಿಕೆ ಇಳಿಸಿ ಕೆಂಡ ತುಂಬಿಕೊಂಡು ಬಂದಳು. ಅಪ್ಪ ಹೊಸ್ತಿಲಿಗೆ ಅಡ್ಡ ಕುಳಿತ.

"ಆಚಿ ಸರೀರಿ, ಕೈ ಸುಡತಾವ."

"ಅದು ಒಳಗ ಬ್ಯಾಡ" ಎಂದ ಅಪ್ಪ. "ಶಾಂತವ್ವನ ಕೂಸಿನ ಮಾರಿ ನೀನೂ ನೋಡಿದ್ದಿ."

ಅವ್ವ ಅಂಗಳಕ್ಕೆ ಹೋಗಿ ಕೆಂಡದ ಮೇಲೆ ನೀರು ಸುರಿದಳು. ಬಹಳ ಹೊತ್ತು ಒಳಗೆ ಬರಲಿಲ್ಲ.

ಅಕ್ಕ ಆಮೇಲೆ ಹೆರಿಗೆಗೆ ಬಂದದ್ದು ಅದೇ ವರ್ಷದ ಪುಷ್ಯದಲ್ಲಿ; ಕೈನೆರವಿಗೆಂದು ನಾನೂ ಮಗನನ್ನು ಎತ್ತಿಕೊಂಡು ಬಂದಿದ್ದೆ. ಸಂಡೂರ ಗುಡ್ಡಗಳ ಕಡೆಯಿಂದ ಬೀಸುವ ಗಾಳಿಗೆ ಹಲ್ಲು ಕಟಕಟ ಎನ್ನುವ ಕಾಲ. ಕೂಸು ಹುಟ್ಟಿದ ಮೇಲೆ ಅಪ್ಪ ನೆಲದಡಿಯ ಆ ಬಾಯಿ ತೆಗೆದು ಒಲೆ ಹಚ್ಚಿದ. ಅಕ್ಕ ಕೂಸನ್ನು ಎದೆಗವಚಿಕೊಂಡು ಬಹಳ ಹೊತ್ತು ಕೂತೇ ಇದ್ದಳು. ನೆಲ ಮುಟ್ಟಿ ನೋಡಿದಳು, ಮೂಸಿ ನೋಡಿದಳು. "ಹೊಗಿ ವಾಸನಿ ಒಂಚೂರೂ ಇಲ್ಲ" ಎಂದು ನನಗೆ ಹೇಳಿ, ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಕಣ್ಣು ಮುಚ್ಚಿದಳು.

ಮುಸ್ಸಂಜೆಯ ಹೊತ್ತಿಗೆ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ, ಅವಳ ಕೂಸು, ಅಂಬೆಗಾಲಿಕ್ಕಿ ಒಳನುಗ್ಗಿದ ನನ್ನ ಮಗ, ಮಂಡಿನೋವಿನ ಪಕ್ಕದ ಮನೆ ಅಜ್ಜಿ, ಇವರ ನಡುವೆ ಕಾಲು ಚಾಚಿಕೊಂಡ ಅವ್ವ. ವೈಶಾಖವಿಡೀ ಬೆಂದ ನನಗೆ ಮಾತ್ರ ಪಡಸಾಲೆಯ ಕೊರೆಯುವ ಕಲ್ಲು. ನ್ಯಾಯ ಕೇಳೋಣವೆಂದು ಬಚ್ಚಲಿಗೆ ಹೋದರೆ, ಅಪ್ಪ ಒಲೆಯ ಮುಂದೆ ಗೋಡೆಗೊರಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಸಿಟ್ಟು ಬಹಳವೇ ಇತ್ತು. ಎಬ್ಬಿಸದೆ ಇನ್ನೊಂದು ಕೊರಡು ಒಲೆಗೆ ಹಾಕಿ ಬಂದೆ.